ಗೋಡೆ ಮೇಲಿನ ಲೋಟ

ಕನ್ನಮ್ಮ ಬೆಳಿಗ್ಗೆ ಟ್ರಂಕಿನೊಳಗಿಂದ ಚಿಲಕ ತೆಗೆದು ಕೊಬ್ಬರಿ ಎಣ್ಣೆ ಹಚ್ಚಿದಳು. ಮೂರು ವರ್ಷದ ಹಿಂದೆ ತೀರ್ಥಹಳ್ಳಿ ಸಂತೆಯಲ್ಲಿ ಕೊಂಡ ಕಬ್ಬಿಣದ ಚಿಲಕ. ಅದನ್ನು ಹಾಕಲು ಬಾಗಿಲಿರಲಿಲ್ಲ. ಬಾಗಿಲು ನಿಲ್ಲಿಸಲು ಪಾಯಿಖಾನೆ ಇರಲಿಲ್ಲ. ತುಕ್ಕು ಮಾತ್ರ ಯಾರಿಗೂ ಕಾಯುವುದಿಲ್ಲ, ಹಾಗಾಗಿ ಎಣ್ಣೆ. ಇವತ್ತು ಚಿಲಕವನ್ನು ವಾಪಸು ಇಡಲಿಲ್ಲ. ಮುಷ್ಟಿಯಲ್ಲೇ ಹಿಡಿದು ಹೊರಟಳು.

ಮಗಳು ಕವನಾ ಎಂಟನೇ ತರಗತಿಯಿಂದ ನಿಟ್ಟೂರಿನ ಚಿಕ್ಕಮ್ಮನ ಮನೆಯಲ್ಲಿದ್ದಳು. ಅಲ್ಲಿ ಪಾಯಿಖಾನೆ ಇತ್ತು. ಊರಿಗೆ ಬಂದರೂ ಸಂಜೆ ಬಸ್ಸಿಗೇ ಹೊರಡುವಳು. "ಒಳಗಿಂದ ಚಿಲಕ ಹಾಕೋ ಬಾಗಿಲು ಒಂದು ಆಗ್ಲಿ ಅಮ್ಮ, ಬಂದು ಇಲ್ಲೇ ಇರ್ತೀನಿ" ಎಂದಿದ್ದಳು. ಅಂದಿನಿಂದ ಒಂದು ರಾತ್ರಿಯೂ ಮಗಳು ಮಲಗದ ಹಾಸಿಗೆಯನ್ನು ಕನ್ನಮ್ಮ ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತಿದ್ದಳು.

ಗುಂಡಿ ತೋಡಲು ಎರಡು ಸಲ ಆಳುಗಳು ಬಂದಿದ್ದರು. ಎರಡಡಿ ಕೆಳಗೆ ಜಂಬಿಟ್ಟಿಗೆ ಕಲ್ಲು ಸಿಕ್ಕಿ, ಹಾರೆ ಮೊಂಡಾಗಿ ಹಿಂದಿರುಗಿದ್ದರು. ಹಿಟಾಚಿ ಯಂತ್ರವೇ ಬರಬೇಕು. ಬರಲು ದಾರಿ ಒಂದೇ: ಮುಂದಿನ ಮನೆಯ ಹೂವಯ್ಯನವರ ಅಂಗಳ ಹಾದು, ಅವರ ಮನೆ ಪಕ್ಕದ ಸಂದಿ.

"ತಗೊಂಡ್ ಬಾರೆ, ಯಾರು ಬೇಡ ಅಂದ್ರು?" ಎನ್ನುತ್ತಿದ್ದರು ಹೂವಯ್ಯ. "ಆದ್ರೆ ಹಿಟಾಚಿ ತಿರುಗಕ್ಕೆ ಜಾಗ ಎಲ್ಲಿದೆ?"

ಅವರ ಅಂಗಳ ಗುಡಿಸಲು ಹೋದಾಗಲೆಲ್ಲ ಕನ್ನಮ್ಮ ಆ ಸಂದಿಯನ್ನು ಮೊಳದಲ್ಲಿ ಅಳೆಯುತ್ತಿದ್ದಳು. ಮೂರು ಮೊಳ. ಯಾವತ್ತೂ ಮೂರೇ.

ಇವತ್ತು ಅವಳು ಹೇಳಿ ಕಳಿಸಿದ್ದ ಯೋಗರಾಜ್ ಸಾಗರದಿಂದ ಬಂದ. ಅವನ ಪಿಕಪ್ಪಿನಿಂದ ಇಳಿದ ಯಂತ್ರ ಕಂಡು ಹೂವಯ್ಯನವರ ಹೆಂಡತಿ ಯಮುನಮ್ಮ ನಕ್ಕುಬಿಟ್ಟರು.

"ಇದೆಂತ ಮಾರಾಯ, ಹಿಟಾಚಿ ಮರಿ ಹಾಕಿದ್ಯಾ?"

"ಮರಿನೇ ಅಮ್ಮ. ಆದ್ರೆ ಹಲ್ಲೆಲ್ಲ ಬಂದಿದೆ," ಎಂದು ಯೋಗರಾಜ್ ಬಕೆಟ್ಟಿನ ಹಲ್ಲು ತೋರಿಸಿದ.

ಹೂವಯ್ಯ ಜಗುಲಿಯಿಂದ ಇಳಿದರು. "ಸಂದಿಯಲ್ಲಿ ಹೋಗ್ಬಹುದು. ತಿರುಗುವಾಗ ಹಿಂಭಾಗ ಬೀಸಿ ನನ್ನ ಗೋಡೆ ಬೀಳಿಸಿದ್ರೆ?"

"ಇದರ ಹಿಂಭಾಗ ಕೆಳಗಿನ ಚೈನ್ ಚಕ್ರ ದಾಟಿ ಒಂದು ಬೆರಳೂ ಆಚೆ ಬರಲ್ಲ ಸಾರ್. ನಿಂತಲ್ಲೇ ತಿರುಗತ್ತೆ."

"ಮಾತಲ್ಲಿ ಎಲ್ಲಾ ತಿರುಗತ್ತೆ."

ಯೋಗರಾಜ್ ಸುತ್ತ ನೋಡಿದ. ಅಂಗಳದ ಗಿಡ್ಡ ಗೋಡೆಯ ಗೂಡಿನಲ್ಲಿ ಒಂದು ಸ್ಟೀಲ್ ಲೋಟ ಬೋರಲಾಗಿತ್ತು. ಅದನ್ನೆತ್ತಿ ಗೋಡೆಯ ಅಂಚಿನ ಮೇಲಿಟ್ಟ. "ಇದು ಬಿದ್ರೆ ಗಾಡಿ ವಾಪಸ್ ತಗೊಂಡು ಹೋಗ್ತೀನಿ. ಯಾರ ಲೋಟ ಇದು?"

"ಕನ್ನಮ್ಮಂದು" ಎಂದರು ಯಮುನಮ್ಮ.

"ಅಕ್ಕ, ನಿನ್ನ ಲೋಟ ಇವರ ಗೋಡೆಯಲ್ಲಿ ಎಂತಕ್ಕೆ ಸಂಸಾರ ಹೂಡ್ತು?" ಎಂದು ನಕ್ಕವನು, ಬೇರೆ ಯಾರೂ ನಗದ್ದು ಕಂಡು ಸುಮ್ಮನೆ ಯಂತ್ರ ಹತ್ತಿದ.

ಅಂಗಳ ಗುಡಿಸಿ ಮುಗಿದ ಮೇಲೆ ಆ ಲೋಟಕ್ಕೆ ಮೇಲಿಂದ ಚಾ ಹೊಯ್ಯುತ್ತಿದ್ದರು. ಕುಡಿದು, ತೊಳೆದು, ಕನ್ನಮ್ಮನೇ ಗೂಡಿಗಿಡಬೇಕು. ಅದು ಹೊಸಿಲು ದಾಟಿದ್ದಿಲ್ಲ.

ಗೋಡೆಗೆ ನಾಲ್ಕು ಬೆರಳು ಬಿಟ್ಟು ನಿಂತ ಯಂತ್ರ ತೋಳು ಮಡಚಿಕೊಂಡು ಒಂದು ಪೂರ್ತಿ ಸುತ್ತು ತಿರುಗಿತು. ಕನ್ನಮ್ಮ ಯಂತ್ರವನ್ನು ನೋಡಲಿಲ್ಲ, ಲೋಟವನ್ನು ನೋಡಿದಳು. ಆ ಲೋಟಕ್ಕಾಗಿ ಅವಳು ದೇವರನ್ನು ಬೇಡಿಕೊಂಡದ್ದು ಅದೇ ಮೊದಲು. ಲೋಟ ನಡುಗಿತು. ಬೀಳಲಿಲ್ಲ.

"ನನ್ನ ಬಾವಿ ನೀರು ಕೆಟ್ರೆ?" ಎಂದರು ಹೂವಯ್ಯ.

"ಗುಂಡಿ ತಗ್ಗಲ್ಲಿ ಬರತ್ತೆ ಸಾರ್, ಎಂಬತ್ತಡಿ ದೂರ. ಮೊನ್ನೆನೇ ಟೇಪ್ ಹಿಡಿದು ನೋಡಿದ್ದೀನಿ."

"ಅದಲ್ಲ ಮಾರಾಯ. ನಮ್ಮಪ್ಪನ ಕಾಲದಿಂದ ಈ ಅಂಗಳ ಹಾದು ಆ ಮನೆಗೆ ಒಂದು ಗಾಡಿ ಹೋಗಿಲ್ಲ. ಇವತ್ತು ಬಿಟ್ರೆ ನಾಳೆ ನಮ್ಮೋರಿಗೆ ನಾನು ಎಂತ ಹೇಳ್ಲಿ..."

"ಹಂಗಾರೆ ಅಡ್ಡ ಬಂದಿದ್ದು ಈ ಸಂದಿ ಅಲ್ಲ ಅಂತಾಯ್ತಾ ಅಯ್ಯ?"

ಕನ್ನಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವವಳಂತೆ ಕೇಳಿದ್ದಳು. "ಜಾಗ ಇಲ್ಲ ಅಂತ ನೀವಂದ್ರಿ, ನಾ ನಂಬ್ದೆ. ದಿನಾ ಅಳ್ದೆ. ಮಗಳು ಬಸ್ ಹತ್ತಿದಾಗೆಲ್ಲ ಈ ಸಂದಿಗೇ ಬೈದೆ. ಪಾಪ, ಅದು ಎಂತ ಮಾಡಿತ್ತು?"

ಹೂವಯ್ಯ ಸಂದಿಯ ಕಡೆ ನೋಡಿದರು. ಆಮೇಲೆ ಗೋಡೆಯ ಹತ್ತಿರ ಹೋಗಿ ಲೋಟ ಎತ್ತಿಕೊಂಡರು. ತಳದಲ್ಲಿ ಒಂದು ನೆಗ್ಗು ಇತ್ತು. ಅವರು ಅದನ್ನು ಅಂದೇ ಕಂಡದ್ದು.

"ಯಮುನಾ, ಚಾ ಆಗಿದ್ಯಾ?"

"ಆಗಿದೆ."

"ನಂದು ಇದಕ್ಕೆ ಹಾಕು."

ಯಮುನಮ್ಮ ಗಂಡನ ಮುಖ ನೋಡಿದರು. ಲೋಟ ಹೊಸಿಲು ದಾಟಿ ಒಳಗೆ ಹೋಯಿತು.

"ಹಾಗಾದ್ರೆ ಕನ್ನಮ್ಮಂಗೆ?" ಒಳಗಿನಿಂದ ದನಿ ಬಂತು.

"ಮನೇಲಿ ಲೋಟಕ್ಕೆ ಬರವಾ?" ಹೂವಯ್ಯ ಗದರಿದರು. ಯೋಗರಾಜನಿಗೆ ಕೈ ಬೀಸಿದರು. "ಎಂತ ನೋಡ್ತಾ ಕೂತ್ಯೋ? ನಡಿ."

ಯಂತ್ರ ಸಂದಿಯೊಳಗೆ ಹೋಯಿತು. ಎರಡೂ ಕಡೆ ಅಂಗೈ ಅಗಲ ಜಾಗ ಇನ್ನೂ ಉಳಿದಿತ್ತು. ಹಿಂದಿನಿಂದ ಯಮುನಮ್ಮ ಮನೆಯ ಲೋಟದಲ್ಲಿ ಚಾ ತಂದು ಚಾಚಿದರು. ಹಿಡಿದುಕೊಳ್ಳಲು ಕನ್ನಮ್ಮ ಮುಷ್ಟಿ ಬಿಚ್ಚಿ ಚಿಲಕವನ್ನು ಇನ್ನೊಂದು ಕೈಗೆ ದಾಟಿಸಿದಳು. ಬೆಳಗಿನಿಂದ ಒಳಗಿದ್ದ ಚಿಲಕದ ಅಚ್ಚು ಅಂಗೈ ಮೇಲೆ ಕೆಂಪಗೆ ಮೂಡಿತ್ತು.