ರಾಕೆಟ್ಟಾದ ಕಂಬಗಳು

ಆ ದೊಡ್ಡ ದೇಶದವರು ಊರಿಗೆ ಬಂದು ಮೊದಲು ಸೇತುವೆ ಒಡೆದರು, ಆಮೇಲೆ ಗ್ರಂಥಾಲಯ ಕಟ್ಟಲು ಹೊರಟರು. ಮಧ್ಯೆ ಸೇತುವೆಯನ್ನೂ ಕಟ್ಟಬಹುದಲ್ಲ ಎಂದು ಕೇಳಿದವರಿಗೆ, ಓದಿನಿಂದ ಮನುಷ್ಯ ಎಂಥ ನದಿಯನ್ನಾದರೂ ದಾಟುತ್ತಾನೆ ಎಂದು ಉತ್ತರ ಬಂತು.

ಗ್ರಂಥಾಲಯದ ಮುಂದೆ ಆರು ಕಲ್ಲುಕಂಬ ನಿಲ್ಲಬೇಕಿತ್ತು. ಅವರ ದೇಶ ಹುಟ್ಟಿಸಿದ ಹಿರಿಯರು ಕೂತು ಘೋಷಣೆ ಬರೆದ ಕಟ್ಟಡದ ಮುಂದೆ ಅಂಥವೇ ಆರು ಇವೆಯಂತೆ. ಕಂಬಗಳ ಮೇಲಿನ ಅಡ್ಡಪಟ್ಟಿಯಲ್ಲಿ ಘೋಷಣೆಯ ಹೆಸರಾಂತ ಸಾಲು: ‘ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟುತ್ತಾರೆ.’

ಕಂಬಗಳ ಕೆಲಸ ಊರಿನ ಕಾಲೇಜಿನ ಮೇಡಂ ಒಬ್ಬಳ ಮಾವನ ಕಲ್ಲು ಕಡೆಯುವ ಶೆಡ್ಡಿಗೆ ಬಂತು. ಅಷ್ಟುದ್ದದ ಕಲ್ಲನ್ನು ಹಿಡಿದು ತಿರುಗಿಸುವ ಯಂತ್ರ ಊರಿನಲ್ಲಿ ಇದ್ದದ್ದು ಅಲ್ಲೊಂದೇ. ಮಾವ ಕಡೆದರು, ಅವಳ ಗಂಡ ಪಾಲಿಶ್ ಹಿಡಿದ. ನಾಲ್ಕು ಕಂಬ ಮುಗಿದಾಗ ಅವನೇ ಲಾರಿಗೆ ಏರಿಸಿಕೊಂಡು ಹೊರಟ. ಪಾಲಿಶಿಗೆ ದೂಳು ಕೂರಬಾರದೆಂದು ಟಾರ್ಪಾಲು ಹೊದಿಸಿದ್ದ. ಅಂಚುಗಳನ್ನು ಮಗುವಿಗೆ ಹೊದಿಕೆ ಸಿಕ್ಕಿಸಿದ ಹಾಗೆ ಒಳಗೆ ಸಿಕ್ಕಿಸಿದ್ದ.

ಮೇಲೆ ಅವರ ಆಳಿಲ್ಲದ ವಿಮಾನ ಸುತ್ತುತ್ತಿತ್ತು. ಅದರ ಕಣ್ಣಿಗೆ ಉದ್ದನೆಯ, ಗುಂಡನೆಯ, ಮುಚ್ಚಿಟ್ಟ ನಾಲ್ಕು ವಸ್ತು ಕಂಡವು. ಕಡಲಾಚೆ ಕುರ್ಚಿಯಲ್ಲಿ ಕೂತಿದ್ದ ಯಾರೋ ಒಂದು ಗುಂಡಿ ಒತ್ತಿದ. ರಾಕೆಟ್ ಸಾಗಣೆಯನ್ನು ತಡೆದೆವು, ಒಬ್ಬ ಶತ್ರು ಸತ್ತ ಎಂದು ಸಂಜೆ ರೇಡಿಯೋ ಹೇಳಿತು.

ತಾವೇ ಹೇಳಿ ಮಾಡಿಸಿದ ಕಂಬಗಳನ್ನು ತಾವೇ ಸುಟ್ಟಿದ್ದರು. ಕುರುಡನಾದರೂ ಕೋಲಿನಿಂದ ತಡವಿ ನೋಡುತ್ತಾನೆ.

ದೇಹವನ್ನು ಅವರು ಒಯ್ದರು. ಶತ್ರುಗಳ ದೇಹ ಮನೆಯವರಿಗೆ ಕೊಡುವ ಪದ್ಧತಿ ಅವರಲ್ಲಿಲ್ಲ. ಸಮಾಧಿಯ ಸುತ್ತ ಜನ ಸೇರುತ್ತಾರಂತೆ.

ಅವಳು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದವಳು. ಆ ಘೋಷಣೆ ಮೊದಲ ವರ್ಷದವರಿಗೆ ಪಾಠವಾಗಿತ್ತು. ಆ ಸಾಲು ಬರೆದ ಹಿರಿಯನ ಮನೆಯಲ್ಲಿ ಮಸಿಕುಡಿಕೆ ತುಂಬಿಸಿ ಇಡುತ್ತಿದ್ದವನು ಸಂತೆಯಲ್ಲಿ ಕೊಂಡು ತಂದ ಆಳು ಎಂದು ಹೇಳಿದಾಗ ತರಗತಿ ನಕ್ಕಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ್ದಳು: “ಮೇಡಂ, ಹುಟ್ಟುವಾಗ ಸಮಾನರು ಅಂತ ಬರೆದಿದ್ದಾರೆ. ಆಮೇಲೆ ಏನು ಅಂತ ಎಲ್ಲೂ ಬರೆದಿಲ್ವಲ್ಲ?” ಅವಳು ಅಂದು, ಆದರ್ಶ ದೊಡ್ಡದು, ಮನುಷ್ಯರು ಚಿಕ್ಕವರು ಎಂದು ಏನೋ ಹೇಳಿ ಗಂಟೆ ಹೊಡೆಯುವವರೆಗೆ ಕಾಲ ತಳ್ಳಿದ್ದಳು.

ಈಗ ಕಾಲೇಜು ಮುಚ್ಚಿತ್ತು. ಅವಳು ಬೆಳಿಗ್ಗೆ ಎದ್ದು ಮಾವನ ಹಿಂದೆ ಶೆಡ್ಡಿಗೆ ಹೋಗುತ್ತಿದ್ದಳು. ಉಳಿಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದಳು. ಅಳು ಬಂದಿರಲಿಲ್ಲ. ಬಂದಿದ್ದರೆ ಅತ್ತೆಗಾದರೂ ಜೊತೆಯಾಗುತ್ತಿತ್ತು.

ಒಂದು ದಿನ ಆ ದೇಶದ ಅಧಿಕಾರಿ ಬಂದ. ಸಾವಿನ ಸುದ್ದಿ ಹೇಳುವಾಗಲೂ ಹಲ್ಲು ಕಾಣಿಸುತ್ತಿದ್ದುದರಿಂದ ಊರು ಅವನಿಗೆ ನಗುಮುಖ ಎಂದು ಹೆಸರಿಟ್ಟಿತ್ತು. ನಮ್ಮ ಭಾಷೆಯನ್ನು ಅವನು ಯಾವುದೋ ಹಳೆಯ ವ್ಯಾಕರಣದ ಪುಸ್ತಕದಿಂದ ಕಲಿತಿದ್ದ.

“ತಮ್ಮ ದುಃಖದಲ್ಲಿ ನಾವೂ ಭಾಗಿಗಳು,” ಎಂದ. “ನಮ್ಮ ರಾಷ್ಟ್ರದ ಸ್ಥಾಪನಾ ದಿನವು ಸಮೀಪಿಸುತ್ತಿದೆ. ಆರು ಸ್ತಂಭಗಳೂ ಬೇಕಾಗಿವೆ.”

ಮಾವ ಸುತ್ತಿಗೆ ಕೆಳಗಿಟ್ಟರು. “ಮಾಡೋಣ ಸಾಹೇಬರೇ. ಮೊದಲು ಹಳೇದನ್ನ ಒಪ್ಪಿಸ್ಕೊಳ್ಳಿ.”

ಆ ಶೆಡ್ಡಿನಲ್ಲಿ ತಲೆಮಾರುಗಳಿಂದ ಒಂದು ಕಟ್ಟುಪಾಡು ಇತ್ತು. ಕಡೆದ ಕಲ್ಲು ಯಾರಿಂದಲೇ ಒಡೆಯಲಿ, ಎಲ್ಲೇ ಒಡೆಯಲಿ, ಮಾಡಿಸಿದವನು ಬಂದು ತುಂಡುಗಳ ಮೇಲೆ ಕೈಯಿಟ್ಟು ‘ಇದು ನಮ್ಮ ಕಲ್ಲು’ ಎಂದು ಹೇಳಿ ಒಯ್ಯಬೇಕು. ಅಲ್ಲಿಯವರೆಗೆ ಅವನ ಬೇರೆ ಕೆಲಸಕ್ಕೆ ಉಳಿ ತಾಗಿಸುವುದಿಲ್ಲ. ನೀನು ಕಡೆಯಲೇ ಇಲ್ಲ ಎಂದು ನಾಳೆ ಯಾರೂ ಅನ್ನಬಾರದಲ್ಲ. ಊರಿನ ಜಡ್ಜು ಕೂಡ ಒಮ್ಮೆ ಸೀಳಿದ ಮೆಟ್ಟಿಲುಗಲ್ಲಿನ ಮೇಲೆ ಕೈಯಿಟ್ಟು ಹಾಗೆ ಹೇಳಿ ಹೋಗಿದ್ದರು.

ಲಾರಿಯ ಬಳಿ ಬಿದ್ದಿದ್ದ ತುಂಡುಗಳನ್ನು ಕ್ರೇನಿನವ ಎತ್ತಿ ತಂದು ಅಂಗಳದಲ್ಲಿ ಹಾಕಿದ್ದ. ಅವನು ಅವಳ ಗಂಡನ ಬಾಲ್ಯದ ಗೆಳೆಯ. ಬಾಯಿ ಸುಮ್ಮನಿರುವ ಜಾತಿಯಲ್ಲ. ಮಸಿ ಹಿಡಿದ ತುಂಡುಗಳ ಬುಡದಲ್ಲಿ ಗಿರಾಕಿಯ ಗುರುತು ಹಾಗೇ ಇತ್ತು: ವೃತ್ತದೊಳಗೆ ಒಂದು ನಕ್ಷತ್ರ. ನಗುಮುಖನ ಟೋಪಿಯ ಮೇಲಿದ್ದದ್ದೂ ಅದೇ.

ನಗುಮುಖ ತುಂಡುಗಳನ್ನು ನೋಡಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಇದು ಅಸಾಧ್ಯ. ಆ ವಾಹನದಲ್ಲಿದ್ದುದು ಆಯುಧವೆಂದು ನಿರ್ಧಾರವಾಗಿದೆ.”

ಉಳಿ ಒರೆಸುತ್ತಿದ್ದ ಅವಳು ಕೇಳಿದಳು: “ನೀವು ನಮಗೆ ಮಾಡೋಕೆ ಹೇಳಿದ್ದು ಏನು?”

“ಸ್ತಂಭಗಳು.”

“ಲಾರಿಯಲ್ಲಿ ಇದ್ದದ್ದು?”

“ಆಯುಧಗಳು.”

“ಮತ್ತೆ ಕಂಬ ಎಲ್ಲಿ ಹೋದವು?”

ಅವನು ಸ್ವಲ್ಪ ಯೋಚಿಸಿದ. “ಅವು ಇನ್ನೂ ತಲುಪಿಲ್ಲ.”

“ದಾರೀಲಿ ಸ್ವಲ್ಪ ಟ್ರಾಫಿಕ್ಕು, ಸಾಹೇಬ್ರೇ,” ಎಂದ ಕ್ರೇನಿನವ. “ಬರ್ತವೆ, ಬರ್ತವೆ.”

ನಗುಮುಖನ ನಗು ಅಲುಗಲಿಲ್ಲ. ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. ಕಂಬಗಳು ಸಿದ್ಧವಾದರೆ ದೇಹವನ್ನು ಸದ್ದಿಲ್ಲದೆ ಮನೆಗೆ ತಲುಪಿಸಬಹುದು. ತಾವೂ ಏನೂ ಹೇಳುವುದಿಲ್ಲ, ಇವರೂ ಏನೂ ಹೇಳಬಾರದು. ಇಲ್ಲವಾದರೆ, “ಸ್ಥಾಪನಾ ದಿನದ ಬಳಿಕ ಶವಗಳ ಶೈತ್ಯಾಗಾರವನ್ನು ತೆರವುಗೊಳಿಸಲಾಗುವುದು.”

“ತೆರವು ಅಂದ್ರೆ?”

“ಸಾಮೂಹಿಕವಾಗಿ,” ಎಂದ. ಆ ಪದ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಮನೆಯಲ್ಲಿ ಅತ್ತೆ ಒಲೆಯ ಮುಂದೆ ಕೂತಿದ್ದರು. ಒಲೆ ಹೊತ್ತಿಸಿರಲಿಲ್ಲ. ಸುದ್ದಿ ಕೇಳಿ ಗಂಡನ ಕಡೆ ತಿರುಗಿದರು.

“ಕಡೆದು ಬಿಸಾಕ್ರಿ ಆ ಕಂಬಾನ. ಕೈ ಇಟ್ರೆಷ್ಟು, ಬಿಟ್ರೆಷ್ಟು. ನನ್ನ ಮಗ ಮನೆಗೆ ಬರ್ಲಿ.”

“ಹೇಗೆ ಬರ್ಬೇಕು ಅಂತೀಯ? ಕದ್ದ ಮಾಲಿನ ಹಾಗಾ?”

“ಹೇಗಾದ್ರೂ. ನಿಮಗೆ ನಿಮ್ಮ ಕಲ್ಲೇ ಹೆಚ್ಚು. ಮೊದಲಿಂದಲೂ ಅಷ್ಟೇ.”

ಮಾವ ಸೊಸೆಯ ಮುಖ ನೋಡಿದರು. “ನೀನು ಹೇಳಮ್ಮ. ನನಗೆ ಮಗ ನಿಜ. ಆದ್ರೆ ಅವನ ಜೊತೆ ಮುಂದಿನ ಬಾಳು ಇದ್ದದ್ದು ನಿನಗೆ.”

ಅವಳು ಅತ್ತೆಯ ಬಳಿ ಹೋಗಿ ಕೂತಳು. ದೇಹ ಬೇಕಿತ್ತು. ಅವನ ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಪಾಲಿಶಿನ ಬಿಳಿ ಪುಡಿ ಇತ್ತು. ಅದನ್ನು ಇನ್ನೊಮ್ಮೆ ನೋಡಬೇಕಿತ್ತು. ಆದರೆ ಸದ್ದಿಲ್ಲದೆ ತಂದರೆ ಸದ್ದಿಲ್ಲದೆ ಮಣ್ಣು ಮಾಡಬೇಕು. ಆಮೇಲೆ ಈ ಊರಿನಲ್ಲಿ ಅವನು ಎಂದೆಂದಿಗೂ ರಾಕೆಟ್ ಸಾಗಿಸಿದವನು. ಅಮ್ಮ, ಅಪ್ಪ, ಹೆಂಡತಿ ಮೂವರೂ ಬಾಯಿ ಮುಚ್ಚಿ ಒಪ್ಪಿಕೊಂಡ ಹಾಗೆ.

“ಅತ್ತೆ,” ಎಂದಳು, “ಅವರು ಕೊಂದದ್ದೂ ಅಲ್ಲದೆ ಅವರ ಸುಳ್ಳನ್ನ ನಾವು ಹೊರ್ಬೇಕಾ?”

“ಬರದೇ ಹೋದ್ರೆ?”

“ಬರದೇ ಹೋದ್ರೆ ನೀವು ನನ್ನ ಬೈಯಿರಿ. ಜೀವಮಾನ ಪೂರ್ತಿ ಬೈಯಿರಿ.”

ಅತ್ತೆ ಅವಳನ್ನೇ ನೋಡಿದರು. ಆಮೇಲೆ ಎದ್ದು ಒಲೆ ಹೊತ್ತಿಸಿದರು. “ಬೈದೇ ಬೈತೀನಿ,” ಎಂದರು.

ನಗುಮುಖ ಮತ್ತೆರಡು ಸಲ ಬಂದ. ಎರಡು ಸಲವೂ ಮಾವ ಅಂಗಳದ ತುಂಡುಗಳ ಕಡೆ ಕೈ ತೋರಿಸಿದರು. ಎರಡು ಸಲವೂ ಅವನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹೋದ. ಜಗತ್ತಿನ ಯಾವ ಮೂಲೆಗಾದರೂ ಕೈ ಚಾಚಬಲ್ಲ ದೇಶಕ್ಕೆ ಮಾರುದೂರದ ಕಲ್ಲು ಮುಟ್ಟಲಾಗಲಿಲ್ಲ.

ಕೊನೆಗೆ ಅವರು ತಮ್ಮ ಬುದ್ಧಿಗೆ ತಕ್ಕ ಉಪಾಯ ಮಾಡಿದರು. ಫೈಬರಿನ ಕಂಬ ತರಿಸಿ, ಕಲ್ಲಿನ ಬಣ್ಣ ಬಳಿದು ನಿಲ್ಲಿಸಿದರು. ಒಳಗೆ ಪೊಳ್ಳು. ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು. ಮೇಲೆ ಹಲಗೆ, ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ‘ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟುತ್ತಾರೆ.’

“ಈಗ ಸರಿಹೋಯ್ತು,” ಎಂದ ಕ್ರೇನಿನವ. “ಮಾತಿಗೂ ಕಂಬಕ್ಕೂ ಜೋಡಿ ಹೊಂದ್ತು.”

ಸ್ಥಾಪನಾ ದಿನ ಬೀದಿಯ ಒಂದು ಬದಿಯಲ್ಲಿ ಕುರ್ಚಿಗಳು, ಇನ್ನೊಂದು ಬದಿಯಲ್ಲಿ ಹಗ್ಗ. ಹಗ್ಗದ ಹಿಂದೆ ಊರಿನವರು. ಅವಳೂ ಕ್ರೇನಿನವನೂ ಅಲ್ಲಿ ನಿಂತಿದ್ದರು. ಆ ದೇಶದ ಸೇನಾಪತಿ ರಸ್ತೆಯಲ್ಲಿ ಬರುವವನಲ್ಲ. ಸೇತುವೆ ಇಲ್ಲವಲ್ಲ. ಹೆಲಿಕಾಪ್ಟರಿನಲ್ಲಿ ಬಂದ. ಅದು ಗ್ರಂಥಾಲಯದ ಮುಂದಿನ ಬಯಲಿಗೆ ಇಳಿಯುತ್ತಿದ್ದಂತೆ ಗಾಳಿ ಎದ್ದಿತು. ಮೊದಲು ಕುರ್ಚಿಗಳ ಮೇಲಿನ ಕಾಗದದ ಬಾವುಟಗಳು ಹಾರಿದವು. ಆಮೇಲೆ ಎಡತುದಿಯ ಕಂಬ ಯೋಚನೆ ಮಾಡಿದ ಹಾಗೆ ವಾಲಿತು. ಅದು ಪಕ್ಕದ್ದನ್ನು ತಳ್ಳಿತು, ಪಕ್ಕದ್ದು ಅದರ ಪಕ್ಕದ್ದನ್ನು. ಆರೂ ಕಂಬ ಸಮಾನವಾಗಿ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟು ಮಾಡುವಷ್ಟು ಭಾರ ಅವುಗಳಲ್ಲಿ ಇರಲಿಲ್ಲ. ಚಿನ್ನದ ಸಾಲಿನ ಹಲಗೆ ಮಾತ್ರ ದೂರ ಉರುಳಿಹೋಗಿ ಚರಂಡಿಯ ಅಂಚಿಗೆ ಒರಗಿ ನಿಂತಿತು.

ಹಗ್ಗದ ಹಿಂದೆ ಯಾರೂ ನಗಲಿಲ್ಲ. ಬಂದೂಕುಗಳಿದ್ದವು. ನಗುವನ್ನು ಎಲ್ಲರೂ ಜೋಪಾನವಾಗಿ ಮನೆಗೆ ಒಯ್ದರು.

ಸೇನಾಪತಿ ಇಳಿಯದೆಯೇ ಹಿಂತಿರುಗಿದ. ಸಮಾರಂಭವನ್ನು ಮುಂದಕ್ಕೆ ಹಾಕಿ, ಈ ಸಲ ಕಲ್ಲನ್ನೇ ನಿಲ್ಲಿಸಿ ಎಂದು ಅಪ್ಪಣೆ ಆಯಿತಂತೆ. ಮರುದಿನ ಬೆಳಿಗ್ಗೆ ನಗುಮುಖ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ನಗು ಇರಲಿಲ್ಲ. ಇಲ್ಲದಿದ್ದಾಗ ಅವನ ಮುಖ ಯಾರದು ಬೇಕಾದರೂ ಆಗಬಹುದಿತ್ತು.

“ಕಲ್ಲನ್ನು ಮುಟ್ಟುತ್ತೇನೆ,” ಎಂದ.

“ಈಗಲೇ ಬೇಡ,” ಎಂದರು ಮಾವ. “ಒಡೆದ ಕಲ್ಲು ಒಯ್ಯೋಕೆ ಲಾರಿ ತನ್ನಿ. ಲಾರಿ ಖಾಲಿ ಬರ್ಬಾರ್ದು.”

ಮಧ್ಯಾಹ್ನ ಸೈನ್ಯದ ಲಾರಿ ಬಂತು. ಖಾಲಿ ಇರಲಿಲ್ಲ. ಬೀದಿಯ ಜನವೆಲ್ಲ ಅಂಗಳದಲ್ಲಿ ಸೇರಿದ್ದರು. ನಗುಮುಖ ಕೈಗವಸು ಕಳಚಿ, ಮಸಿ ಹಿಡಿದ ತುಂಡಿನ ಮೇಲೆ, ನಕ್ಷತ್ರದ ಪಕ್ಕದಲ್ಲಿ ಕೈ ಇಟ್ಟ. ತುಟಿ ಅಲುಗಿತು.

“ಕೇಳಿಸ್ಲಿಲ್ಲ,” ಎಂದ ಕ್ರೇನಿನವ. “ಯಂತ್ರದ ಸದ್ದಿಗೆ ನಮ್ಮ ಕಿವಿ ಸ್ವಲ್ಪ ಮಂದ.” ಯಂತ್ರ ಓಡುತ್ತಿರಲಿಲ್ಲ.

“ಇವು ನಮ್ಮ ಕಲ್ಲುಗಳು,” ಎಂದ ನಗುಮುಖ, ಎಲ್ಲರಿಗೂ ಕೇಳುವಂತೆ. “ಆ ವಾಹನದಲ್ಲಿದ್ದವು ಇವೇ.”

ಅವನ ಕೈ ಕಪ್ಪಾಗಿತ್ತು. ಒರೆಸಿಕೊಳ್ಳಲು ಯಾರೂ ಬಟ್ಟೆ ಕೊಡಲಿಲ್ಲ.

ಲಾರಿಯಿಂದ ಪೆಟ್ಟಿಗೆ ಇಳಿಸಿದರು. ಅತ್ತೆ ಜನರನ್ನು ದಾಟಿಕೊಂಡು ಬಂದು ಅದರ ಮೇಲೆ ಕೈ ಇಟ್ಟರು. “ಇವನು ನಮ್ಮವನು,” ಎಂದರು. ಸೊಸೆ ತನ್ನ ಕೈಯನ್ನು ಅತ್ತೆಯ ಕೈಯ ಪಕ್ಕದಲ್ಲಿ ಇಟ್ಟಳು. ಹಲಗೆ ತಣ್ಣಗಿತ್ತು.

ಸೈನಿಕರು ಕಲ್ಲಿನ ತುಂಡುಗಳನ್ನು ಲಾರಿಗೆ ಏರಿಸತೊಡಗಿದರು. ನಗುಮುಖ ಮಾವನ ಬಳಿ ಬಂದ. “ಹೊಸ ಸ್ತಂಭಗಳು ಯಾವಾಗ ಲಭ್ಯವಾಗುವುವು?”

“ಯಾವ ಹೊಸದು?” ಎಂದರು ಮಾವ. “ಹಳೇದು ಮುಗೀದೆ ಹೊಸದು ಇಲ್ಲ ಅಂದಿದ್ದೆ. ಹಳೇದು ಈಗ ಮುಗೀತು. ಹೊಸದು ಮಾಡ್ತೀನಿ ಅಂತ ಇನ್ನೂ ಹೇಳಿಲ್ವಲ್ಲ. ನನಗೀಗ ಮನೆಯದೇ ಒಂದು ಕಲ್ಲಿನ ಕೆಲಸ ಇದೆ.”

“ತಾವು ಮಾತು ಕೊಟ್ಟಿದ್ದಿರಿ. ‘ಮಾಡೋಣ’ ಎಂದಿರಿ.”

“ಅದಾ?” ಎಂದರು ಮಾವ. “ಅದು ಇನ್ನೂ ತಲುಪಿಲ್ಲ.”

ನಗುಮುಖ ತಿರುಗಿ ಲಾರಿಯ ಕಡೆ ನಡೆದ. ತುಂಡುಗಳು ಏರಿದ್ದವು, ಉದ್ದನೆಯವು ಒಂದರ ಪಕ್ಕ ಒಂದು. ಇಬ್ಬರು ಸೈನಿಕರು ಟಾರ್ಪಾಲು ಬಿಡಿಸಿ ಅವುಗಳ ಮೇಲೆ ಎಳೆಯುತ್ತಿದ್ದರು.

“ಸಾಹೇಬರೇ,” ಎಂದಳು ಅವಳು. ದನಿ ಏರಿಸಲಿಲ್ಲ. “ಹೋಗೋ ದಾರಿ ಅದೇ. ಮೇಲಿನವರಿಗೆ ಮೊದಲೇ ಒಂದು ಮಾತು ಹೇಳಿ ಹೊರಡಿ.”

ಸೈನಿಕರಿಗೆ ಭಾಷೆ ಬರುತ್ತಿರಲಿಲ್ಲ. ನಗುಮುಖನಿಗೆ ಬರುತ್ತಿತ್ತು. ಅವನು ಒಮ್ಮೆ ಆಕಾಶ ನೋಡಿದ, ಒಮ್ಮೆ ಲಾರಿ ನೋಡಿದ. ಟಾರ್ಪಾಲು ತೆಗೆಯಿರಿ ಎಂದು ತನ್ನ ಭಾಷೆಯಲ್ಲಿ ಕೂಗಿದ. ಆಮೇಲೆ ಕಪ್ಪಾದ ಕೈಯಿಂದಲೇ ಸೊಂಟದ ವೈರ್‌ಲೆಸ್ಸು ತೆಗೆದು ಬಾಯಿಗೆ ಹಿಡಿದು, ಇವು ಕಂಬಗಳು, ಕಂಬಗಳು ಎಂದು ಮೇಲೆ ಯಾರಿಗೋ ಹೇಳತೊಡಗಿದ.