ನೂರು ದಿನ ತಿರುಗದ ತಗಡು

ನಮ್ಮ ಆಫೀಸಿನ ಗೋಡೆಯ ಮೇಲೆ ಒಂದು ಹಲಗೆ, ಅದಕ್ಕೆ ಆರು ಮೊಳೆ, ಒಂದೊಂದು ಮೊಳೆಗೆ ಒಂದೊಂದು ತಗಡು. ತಗಡಿನ ಒಂದು ಮುಖದಲ್ಲಿ ಪೈಲಟ್ ಹೆಸರು, ಇನ್ನೊಂದು ಮುಖ ಖಾಲಿ. ಹುಷಾರಿಲ್ಲ, ಇವತ್ತು ಹಾರುವುದಿಲ್ಲ ಎನ್ನುವವರು ತಮ್ಮ ತಗಡನ್ನು ತಿರುಗಿಸಿ ಮನೆಗೆ ಹೋಗಬಹುದು. ಯಾಕೆಂದು ಯಾರೂ ಕೇಳುವಂತಿಲ್ಲ. ಇದು ಮುಖ್ಯ ಪೈಲಟ್ ವಿಜಯಶ್ರೀ ಮೇಡಂ ಹಾಕಿಕೊಟ್ಟ ರೂಢಿ. ಕಾರಣ ಕೇಳತೊಡಗಿದರೆ ಹುಷಾರಿಲ್ಲದವರೂ ಹಾರುತ್ತಾರೆ ಎನ್ನುವುದು ಅವರ ಮಾತು.

ನಾನು ದೇವೀಂದ್ರಪ್ಪ, ಶಹಾಬಜಾರದವನು, ಹಾರಾಟದ ಕಾಗದಪತ್ರ ನೋಡುವ ಗುಮಾಸ್ತ. ಕಲಬುರಗಿ ವಿಮಾನ ನಿಲ್ದಾಣದ ಬೇಲಿಯಾಚೆ ಇರುವ ನಮ್ಮ ಕಂಪನಿಗೆ ಇರುವುದು ಎರಡೇ ಬಾಡಿಗೆ ವಿಮಾನ. ಎರಡು ವರ್ಷದಲ್ಲಿ ಮೂರು ಸಲ ಮಾಲೀಕರು ಬದಲಾದರು. ಪ್ರತಿ ಸಲವೂ ವಿಮಾನದ ಬಾಲಕ್ಕೆ ಹೊಸ ಬಣ್ಣ, ನಮ್ಮ ಕೊರಳಿಗೆ ಹೊಸ ಐಡಿ ಕಾರ್ಡು, ನಾವೆಲ್ಲ ಒಂದೇ ಕುಟುಂಬ ಎಂಬ ಹಳೆಯ ಭಾಷಣ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮೂರನೆಯ ಮಾಲೀಕರು ಕಳಿಸಿದ ಮ್ಯಾನೇಜರ್ ಗುರುಪ್ರಸಾದ ಕೆಟ್ಟವರಲ್ಲ, ಅಂಕಿಗಳನ್ನು ವಿಪರೀತ ನಂಬುವವರು. ಹಲಗೆಯ ಕೆಳಗೆ ಒಂದು ರಿಜಿಸ್ಟರ್ ಇಟ್ಟರು. ತಗಡು ತಿರುಗಿಸಿದವರು ಕಾರಣ ಬರೆದು ಸಹಿ ಹಾಕಬೇಕು. ಅದು ಅವರವರ ಫೈಲಿಗೆ ಹೋಗುತ್ತದೆ. ಅಲ್ಲಿಂದ ಒಂದು ತಗಡೂ ತಿರುಗಲಿಲ್ಲ. ಪೈಲಟ್‌ಗಳು ಹರಟೆ ಬಿಟ್ಟು ಫೋನು ನೋಡುತ್ತ ಕೂರತೊಡಗಿದರು. ಇಬ್ಬರು ಬೇರೆ ಕಡೆ ಅರ್ಜಿ ಹಾಕಿದರು. ಪೈಲಟ್‌ಗಳ ಹುಮ್ಮಸ್ಸು ಹೆಚ್ಚಿದೆ ಎಂದು ಮ್ಯಾನೇಜರ್ ಮೇಲಿನವರಿಗೆ ವರದಿ ಕಳಿಸಿದರು. ಟೈಪ್ ಮಾಡಿದವನು ನಾನೇ.

ತಗಡು ತಿರುಗದ ನೂರನೆಯ ದಿನ ಮ್ಯಾನೇಜರ್ ಕೇಕ್ ತರಿಸಿದರು. ಅವತ್ತು ಹನ್ನೊಂದಕ್ಕೆ ಮೂವರು ಪ್ರಯಾಣಿಕರನ್ನು ಹೈದರಾಬಾದಿಗೆ ಒಯ್ಯಬೇಕಿತ್ತು. ಕ್ಯಾಪ್ಟನ್ ವಿಜಯಶ್ರೀ, ಜೊತೆಗೆ ಕೋ-ಪೈಲಟ್ ಅಜಿತ. ಅಜಿತ ಕಮಲಾಪುರದವನು; ಅಪ್ಪ ಪೀರಪ್ಪನದು ಊರಿಗೆ ನಲ್ಲಿ ನೀರು ಬಿಡುವ ಕೆಲಸ. ಶುಕ್ರವಾರ ಅವನ ನೌಕರಿ ಕಾಯಂ ಆಗುವುದಿತ್ತು. ಮಗ ಹಾರುವುದನ್ನು ಮೊದಲ ಸಲ ನೋಡಲು ಅಪ್ಪ, ಅವ್ವ ಬಸ್ಸಿನಲ್ಲಿ ಬಂದು ಬೆಳಿಗ್ಗೆಯಿಂದ ಬೇಲಿಯ ಹತ್ತಿರ ನಿಂತಿದ್ದರು.

ಎಂಟು ಗಂಟೆಗೆ ಅಜಿತ ನೀರಿನ ಫಿಲ್ಟರಿನ ಹಿಂದೆ ನಿಂತು ಮೂಗು ಹಿಡಿದು, ಬಾಯಿ ಮುಚ್ಚಿ ಉಸಿರು ಒತ್ತುತ್ತಿದ್ದ. ಕಿವಿ ಬಿಟ್ಟಿವೆಯೇ ಎಂದು ಪೈಲಟ್‌ಗಳು ನೋಡಿಕೊಳ್ಳುವುದು ಹಾಗೆ. ನೆಗಡಿಯಿಂದ ಕಿವಿ ಕಟ್ಟಿದ್ದರೆ ವಿಮಾನ ಇಳಿಯುವಾಗ ತಲೆ ತಿರುಗುತ್ತದೆ, ಕಿವಿಯ ತಮಟೆ ಹರಿಯಲೂಬಹುದು. ಮೂರು ಸಲ ಒತ್ತಿದ, ಮೂರು ಸಲವೂ ಬಿಡಲಿಲ್ಲ ಎನ್ನುವಂತೆ ತಲೆಯಾಡಿಸಿದ. ನೋಡಿದೆ. ನನ್ನ ಕೆಲಸವಲ್ಲ ಎಂದುಕೊಂಡು ಅವತ್ತಿನ ಹಾರಾಟದ ಹಾಳೆಯಲ್ಲಿ ಅವನ ಹೆಸರು ಬರೆದೆ.

ಕೇಕ್ ತಿನ್ನುವಾಗ ಅವನು ಮತ್ತೆ ಮೂಗು ಹಿಡಿದದ್ದು ಮೇಡಂ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ, ತಗಡು ತಿರುಗಿಸು ಎಂದರು. ಶುಕ್ರವಾರ ಒಂದು ದಾಟಲಿ ಎಂದು ಅವನು ಕೇಳಿಕೊಂಡ. ಕ್ಯಾಪ್ಟನ್ ಆಗಿ ಮೇಡಂ ತಾವೇ ಅವನನ್ನು ತಡೆದರೂ ಅದು ಅವನ ಫೈಲಿಗೇ ಹೋಗುತ್ತಿತ್ತು. ಮೇಡಂ ತಟ್ಟೆ ಕೆಳಗಿಟ್ಟು ಹಲಗೆಯ ಬಳಿ ಹೋಗಿ ತಮ್ಮ ತಗಡನ್ನೇ ತಿರುಗಿಸಿದರು. ಅವತ್ತು ಬೇರೆ ಕ್ಯಾಪ್ಟನ್ ಇರಲಿಲ್ಲ; ಕ್ಯಾಪ್ಟನ್ ಇಲ್ಲದೆ ವಿಮಾನ ಏಳುವುದಿಲ್ಲ.

ರಿಜಿಸ್ಟರಿನಲ್ಲಿ ಹುಷಾರಿಲ್ಲ ಎಂದಷ್ಟೇ ಬರೆದರು. ಗುರುಪ್ರಸಾದರ ಮುಖ ಸಣ್ಣದಾಯಿತು. ನೂರನೆಯ ದಿನ ಮುಖ್ಯ ಪೈಲಟ್ಟೇ ಹೀಗೆ ಮಾಡಿದರೆ ಆ ಜಾಗಕ್ಕೆ ಬೇರೆಯವರನ್ನು ನೋಡಿ ಎಂದು ಮೇಲಿನವರಿಗೆ ಬರೆಯಬೇಕಾದೀತು ಎಂದರು.

"ಬರೀರಿ," ಎಂದರು ಮೇಡಂ.

ಅಜಿತ ಹೊರಗೆ ಹೋಗಿ ಅಪ್ಪ ಅವ್ವನಿಗೆ ಏನೋ ಹೇಳಿದ. ಸ್ವಲ್ಪ ಹೊತ್ತಿಗೆ ಅವ್ವ ತುಳಜಾಬಾಯಿ ಕೆಂಪು ಬಾಳೆಹಣ್ಣಿನ ಚೀಲ ಹಿಡಿದು ಒಳಗೆ ಬಂದರು. ನೇರ ಮೇಡಂ ಬಳಿ ಹೋಗಿ, ಕೇಳದೆಯೇ ಹಣೆ ಮುಟ್ಟಿ ನೋಡಿದರು.

"ಮೈ ಬಿಸಿ ಇಲ್ರಿ. ನಿಮಗ ಆರಾಮಿಲ್ಲಂತ ನಮ್ಮ ಹುಡುಗ ಹೇಳಿದ. ಹಣ್ಣ ತಿಂದು ಮಕ್ಕೋರಿ ಯವ್ವ. ವಿಮಾನ ನಾವು ಮತ್ತೊಮ್ಮೆ ಬಂದು ನೋಡ್ತೀವಿ."

ಮೇಡಂ ಹಣ್ಣು ತೆಗೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಅಜಿತನ ಮುಖ ನನಗೆ ನೋಡಲಾಗಲಿಲ್ಲ.

"ಆರಾಮಿಲ್ಲದವ ನಾನು, ಯವ್ವ," ಎಂದ. "ಮೇಡಂ ಆರಾಮ ಅದಾರ."

ಹಲಗೆಗೆ ಹೋಗಿ ತಗಡು ತಿರುಗಿಸಿದ. ನೆಗಡಿ, ಕಿವಿ ಕಟ್ಟಿದೆ ಎಂದು ಬರೆದು ಸಹಿ ಹಾಕಿದ. ಗುರುಪ್ರಸಾದರು ಕೇಕಿನ ಮೇಲೆ ಬರೆದಿದ್ದ ನೂರರ ಅಂಕಿಯನ್ನು ನೋಡುತ್ತ ಕೂತರು.

ವಾರದೊಳಗೆ ಮೇಡಂ ಮುಖ್ಯ ಪೈಲಟ್ ಸ್ಥಾನ ಕಳೆದುಕೊಂಡರು. ಅಜಿತನ ಕಾಯಮಾತಿ ಆರು ತಿಂಗಳು ಮುಂದಕ್ಕೆ ಹೋಯಿತು. ಆದರೆ ಮರುವಾರ ಇನ್ನೊಬ್ಬ ಪೈಲಟ್ ಕಪಿಲನ ತಗಡು ತಿರುಗಿತು, ಆ ತಿಂಗಳು ಒಟ್ಟು ಐದು. ಆಫೀಸಿನಲ್ಲಿ ಮತ್ತೆ ಹರಟೆ ಶುರುವಾಯಿತು. ಪೈಲಟ್‌ಗಳ ಹುಮ್ಮಸ್ಸು ಕುಸಿದಿದೆ ಎಂಬ ವರದಿಯನ್ನೂ ನಾನೇ ಟೈಪ್ ಮಾಡಿದೆ.

ತುಳಜಾಬಾಯಿ ಅವತ್ತು ನನ್ನ ಮೇಜಿನ ಮೇಲೂ ಒಂದು ಹಣ್ಣಿಟ್ಟು ಹೋಗಿದ್ದರು. ಅದನ್ನು ತಿನ್ನಲಾಗಲಿಲ್ಲ. ಬೆಳಿಗ್ಗೆ ಎಂಟಕ್ಕೇ ಅವರ ಮಗನನ್ನು ನೋಡಿದ್ದೆ. ಆ ಹಲಗೆಯಲ್ಲಿ ನನ್ನ ಹೆಸರಿನ ತಗಡಿಲ್ಲ, ನಿಜ. ಬಾಯಿ ಇತ್ತು. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.