ಉಣ್ಣದವಳಿಗೆ ಎಂಥ ಅಜೀರ್ಣ

ಹೇನಾಮ್ ಸೀಮೆಯ ಕೆಂಪು ಹೊಲಗಳಲ್ಲಿ ಹಿಮ ಬೀಳುವುದಕ್ಕೆ ಮುಂಚೆ ಕೋಸು ಕಡಿದು ಮುಗಿಸಬೇಕು. ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿ, ಎಂದರೆ ಆ ದೇಶದವರ ಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ದಿನಗಳು ಅವು. ಯಾರ ಅಂಗಳ ನೋಡಿದರೂ ಉಪ್ಪು, ಯಾರ ಕೈ ನೋಡಿದರೂ ಒದ್ದೆ. ಬೊಂಗಿಮ್‌ಳ ಹೊಲ ಕೆಳಗೆ, ಮನೆ ಮೇಲೆ. ಗಂಡ ದುಶಿಕ್ ಕೋಸು ಕಡಿದು ಗುಡ್ಡೆ ಹಾಕುತ್ತಿದ್ದ. ಅವಳು ಅದನ್ನು ತಳ್ಳುಗಾಡಿಗೆ ತುಂಬಿ ದಿಬ್ಬ ಹತ್ತಿಸುತ್ತಿದ್ದಳು.

ದಿಬ್ಬದ ನಡುವೆ ಅವಳ ಎದೆ ಹಿಡಿದುಕೊಂಡಿತು. ನೋವು ಎನ್ನುವಂಥದ್ದಲ್ಲ, ನೆನೆದ ಗೋಣಿಚೀಲವನ್ನು ಎದೆಯ ಮೇಲೆ ಹೇರಿದ ಹಾಗೆ ಒಂದು ಭಾರ. ಆ ಭಾರ ಮೇಲಕ್ಕೇರಿ ದವಡೆಯನ್ನೂ ಹಿಂಡಿತು. ಅವಳು ಗಾಡಿ ಹಿಡಿದು ನಿಂತಳು. ನಿಂತ ಸ್ವಲ್ಪ ಹೊತ್ತಿಗೆ ಎಲ್ಲ ಇಳಿದುಹೋಯಿತು.

"ಏನಾಯ್ತೇ?" ಕೆಳಗಿನಿಂದ ದುಶಿಕ್ ಕೂಗಿದ.

"ಏನಿಲ್ಲ. ಚೆ ಆಗಿರಬೇಕು. ಬೆಳಿಗ್ಗೆ ಅಕ್ಕಿ ಕಡುಬು ತಿಂದೆನಲ್ಲ."

"ಬೇಡ ಅಂದ್ರೂ ನಾಲ್ಕು ಜಾಸ್ತಿ ತಿಂದೆ. ಅನುಭವಿಸು."

ಉಂಡದ್ದು ಕೆಳಗಿಳಿಯದೆ ಎದೆಗೆ ಅಡ್ಡ ಕೂತರೆ ಆ ಕಡೆಯವರು ಅದನ್ನು 'ಚೆ' ಎನ್ನುತ್ತಾರೆ. ಅದಕ್ಕೆ ಮದ್ದು ಸೂಜಿ. ತೋಳನ್ನು ಮೇಲಿನಿಂದ ಕೆಳಕ್ಕೆ ನೀವಿ, ಹೆಬ್ಬೆರಳಿಗೆ ದಾರ ಬಿಗಿದು, ಸೂಜಿಯನ್ನು ತಲೆಗೂದಲಿಗೆ ಉಜ್ಜಿ, ಉಗುರಿನ ಬುಡದಲ್ಲಿ ಚುಚ್ಚುವುದು. ಒಂದು ಹನಿ ಕಪ್ಪು ರಕ್ತ ಬಂದರೆ, ಹಿಂದೆಯೇ ಒಂದು ತೇಗು ಬಂದರೆ ಚೆ ಬಿಟ್ಟಿತು ಎಂದು ಲೆಕ್ಕ. ಊರಲ್ಲಿ ಇದರಲ್ಲಿ ಪಳಗಿದ ಕೈ ಪಕ್ಕದ ಮನೆಯ ಹೇಂಗ್‌ಜಾಳದು. ಮದುವೆ ಮನೆಯ ಊಟವಾದ ಮೇಲೆ ಅವಳ ಬಾಗಿಲಲ್ಲಿ ಜನ ಸಾಲು ನಿಲ್ಲುತ್ತಿದ್ದರು.

ಆ ಮಧ್ಯಾಹ್ನ ಅವಳು ಬೊಂಗಿಮ್‌ಳ ಹೆಬ್ಬೆರಳಿಗೂ ಚುಚ್ಚಿದಳು. ಬೊಂಗಿಮ್ ತೇಗಿದಳು. ಹಾಯೆನಿಸಿತು. ಕೂತು ಸುಧಾರಿಸಿಕೊಂಡದ್ದಕ್ಕೆ ಹಾಯೆನಿಸಿತೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

"ನೋಡಿದ್ಯಾ ರಕ್ತದ ಬಣ್ಣ? ಮಸಿ ಇದ್ದ ಹಾಗಿತ್ತು," ಎಂದಳು ಹೇಂಗ್‌ಜಾ.

ರಾತ್ರಿ ಬೊಂಗಿಮ್ ಸರಿಯಾಗಿ ಉಣ್ಣಲಿಲ್ಲ. ಮಲಗಿದರೆ ಕೂರಬೇಕೆನಿಸುವುದು, ಕೂತರೆ ಬಾಗಿಲು ತೆಗೆದು ಗಾಳಿಗೆ ನಿಲ್ಲಬೇಕೆನಿಸುವುದು. ಬೆನ್ನ ನಡುವೆ ಯಾರೋ ಮೊಣಕೈ ಊರಿ ಕೂತ ಹಾಗೆ. ಕಣ್ಣು ಮುಚ್ಚಿದರೆ ತೊಟ್ಟಿಯಲ್ಲಿ ಉಪ್ಪು ಕುಡಿಯುತ್ತಿರುವ ಕೋಸು. ಹೊತ್ತು ಮೀರಿದರೆ ಉಪ್ಪು ಹೆಚ್ಚಾಗಿ ಅಷ್ಟೂ ಹಾಳು. ಮಗ, ಮಗಳು ಖಾಲಿ ಡಬ್ಬಿ ಹಿಡಿದು ಭಾನುವಾರ ಬಂದೇ ಬರುತ್ತಾರೆ. ಈಗ ಕಾಯಿಲೆ ಬೀಳುವುದಕ್ಕೆ ಯಾರಿಗೆ ಪುರುಸೊತ್ತಿದೆ?

ಬೆಳಿಗ್ಗೆ ಕೋಸು ತೊಳೆಯಲು ಹೇಂಗ್‌ಜಾ ಬಂದಳು. ಬೊಂಗಿಮ್ ಎರಡು ಕೋಸು ಜಾಲಿಸುವಳು, ಏಳುವಳು, ಅಂಗಳದ ಆ ತುದಿಗೆ ಹೋಗಿ ಬರುವಳು, ಮತ್ತೆ ಕೂರುವಳು.

"ಏನೇ ಅದು, ಮೊಟ್ಟೆ ಇಡೋಕೆ ಜಾಗ ಸಿಗದ ಕೋಳಿ ಥರ," ಎಂದು ಹೇಂಗ್‌ಜಾ ನಕ್ಕಳು.

"ಮತ್ತೆ ಚೆ, ಅಕ್ಕ. ಈ ಸಲ ಬಿಡ್ತಾನೇ ಇಲ್ಲ. ಇನ್ನೊಂದು ಸಲ ಚುಚ್ಚಿಬಿಡು. ಇವತ್ತು ಮಸಾಲೆ ಹಚ್ಚಿ ಮುಗಿಸಬೇಕು."

ಹೇಂಗ್‌ಜಾ ಕೈ ಒರೆಸಿಕೊಂಡು ದಾರ ಬಿಗಿದಳು. ಸೂಜಿಯನ್ನು ಕೂದಲಿಗೆ ಉಜ್ಜಿದಳು. ಹೆಬ್ಬೆರಳು ಹಿಡಿದವಳು ಹಾಗೆಯೇ ತಡೆದಳು. ಬೆರಳು ತಣ್ಣಗಿತ್ತು, ನೀರಿನಲ್ಲಿದ್ದ ಕೈ ತಣ್ಣಗಿರುವುದೇ. ಆದರೆ ಹಣೆ? ಉಸಿರು ಹೊಗೆಯಾಗುವಂಥ ಆ ಚಳಿಯಲ್ಲಿ ಬೊಂಗಿಮ್‌ಳ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಬೆಳಿಗ್ಗೆ ಏನು ತಿಂದೆ?"

"ಏನೂ ಇಲ್ಲ. ವಾಕರಿಕೆ."

"ರಾತ್ರಿ?"

"ಗಂಜಿ. ಎರಡು ಗುಟುಕು ಕುಡಿದಿರಬೇಕು."

ಹೇಂಗ್‌ಜಾ ದಾರ ಸಡಿಲಿಸಿದಳು. "ಉಣ್ಣದವಳಿಗೆ ಎಂಥ ಅಜೀರ್ಣವೇ?"

"ಅದೇ ನಿನ್ನೆಯ ಕಡುಬು..."

"ನಿನ್ನೆ ದಿಬ್ಬ ಹತ್ತುವಾಗ ಬಂತು, ನಿಂತಾಗ ಹೋಯ್ತು ಅಂದೆ. ಹೊಟ್ಟೆಗೆ ದಿಬ್ಬ ಯಾವುದು, ಸಮ ಯಾವುದು ಗೊತ್ತಾಗುತ್ತಾ? ದವಡೆ ಹಿಡೀತಿದೆಯಾ?"

ಬೊಂಗಿಮ್ ಹೌದೆಂದು ತಲೆಯಾಡಿಸಿದಳು.

ಸುಗ್ಗಿಯ ಸಮಯದಲ್ಲಿ ಊರಿನ ಆರೋಗ್ಯ ಕೇಂದ್ರದ ನರ್ಸಮ್ಮ ಎಲ್ಲರನ್ನೂ ಕೂರಿಸಿ ಹೇಳಿದ್ದು ಇದನ್ನೇ. ಎದೆ ಭಾರ, ದವಡೆ, ಬೆನ್ನು, ತೋಳಿನ ಸೆಳೆತ, ತಣ್ಣನೆ ಬೆವರು, ವಾಕರಿಕೆ. ಹೆಂಗಸರಲ್ಲಿ ಎಷ್ಟೋ ಸಲ ಹೃದಯಾಘಾತ ಹೊಟ್ಟೆಯ ವೇಷ ಹಾಕಿಕೊಂಡೇ ಬರುತ್ತದೆ. ಸೂಜಿ ಹುಡುಕುತ್ತಾ ಕೂರಬೇಡಿ ಎಂದಿದ್ದಳು. ತನ್ನ ಸೂಜಿಯನ್ನೇ ಆಡಿಕೊಂಡಳೆಂದು ಹೇಂಗ್‌ಜಾ ಅವತ್ತು ಮಾತು ಮುಗಿಯುವ ಮೊದಲೇ ಎದ್ದು ಬಂದಿದ್ದಳು. ಈಗ ಸೂಜಿಯನ್ನು ಕಲ್ಲಿನ ಮೇಲಿಟ್ಟು ಫೋನು ತೆಗೆದಳು.

"ಯಾರಿಗೆ?"

"ನೂರ ಹತ್ತೊಂಬತ್ತಕ್ಕೆ. ಆಂಬುಲೆನ್ಸ್."

"ಅಕ್ಕ, ನಿನಗೆ ತಲೆ ಕೆಟ್ಟಿದೆಯಾ? ಸೈರನ್ ಹಾಕ್ಕೊಂಡು ಬಂದ್ರೆ ಊರೆಲ್ಲ ನೋಡುತ್ತೆ. ಆಮೇಲೆ ಬರೀ ಅಜೀರ್ಣ ಅಂತಾದ್ರೆ ಮುಖ ಎಲ್ಲಿಟ್ಟುಕೊಳ್ಳಲಿ?"

"ನಗಾಡಿದ್ರೆ ನಾನೂ ಸೇರಿ ನಗ್ತೀನಿ. ಹೆಣ ಹೋಗೋವಾಗಲೂ ಊರೆಲ್ಲ ನೋಡುತ್ತೆ. ಕೂತ್ಕೋ."

ಗದ್ದಲ ಕೇಳಿ ದುಶಿಕ್ ಒಳಗಿನಿಂದ ಓಡಿಬಂದ. ಒಂದು ಕೈಯಲ್ಲಿ ಹುಳಿಹಣ್ಣಿನ ಪಾನಕದ ಲೋಟ, ಇನ್ನೊಂದರಲ್ಲಿ ಟ್ರಕ್ಕಿನ ಕೀಲಿ. "ಇದನ್ನ ಕುಡಿ ಮೊದಲು. ಆಂಬುಲೆನ್ಸ್ ಯಾಕೆ? ಪಟ್ಟಣದ ದಾರಿ ನನಗೆ ಗೊತ್ತಿಲ್ವಾ? ಕೂರಿಸಿಕೊಂಡು ಹೋಗಿಬಿಡ್ತೀನಿ."

"ದಾರಿ ನಡುವೆ ಅವಳ ಎದೆಬಡಿತ ನಿಂತರೆ ನೀನು ಸ್ಟಿಯರಿಂಗ್ ಹಿಡೀತೀಯೋ, ಅವಳನ್ನ ಹಿಡೀತೀಯೋ?"

ದುಶಿಕ್ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಫೋನಿನಲ್ಲಿದ್ದವರು ಹೇಳಿದ್ದನ್ನು ಹೇಂಗ್‌ಜಾ ಹಾಗೆಯೇ ಮಾಡಿದಳು. ಗೋಡೆಗೆ ಒರಗಿಸಿ ಕೂರಿಸಿದಳು, ಬಿಗಿಯಾದ ಬಟ್ಟೆ ಸಡಿಲಿಸಿದಳು, ಒಂದು ಹೆಜ್ಜೆಯನ್ನೂ ನಡೆಯಗೊಡಲಿಲ್ಲ. ಲೋಟವನ್ನು ದುಶಿಕ್‌ನ ಕೈಯಿಂದ ಕಿತ್ತು ಪಕ್ಕಕ್ಕಿಟ್ಟಳು. ಬೊಂಗಿಮ್ ಏಳಲು ನೋಡುವಳು, ಇವಳು ಭುಜ ಒತ್ತಿ ಕೂರಿಸುವಳು.

"ಕೋಸು, ಅಕ್ಕ... ಉಪ್ಪು ಜಾಸ್ತಿಯಾಗುತ್ತೆ."

"ಆಗ್ಲಿ ಬಿಡೇ."

ಬೊಂಗಿಮ್‌ಳನ್ನು ಹತ್ತಿಸಿಕೊಂಡು ಹೊರಟ ಆಂಬುಲೆನ್ಸು ದಿಬ್ಬದ ತಿರುವು ದಾಟುವ ಮೊದಲೇ ಅವಳ ಹೃದಯ ತಾಳ ತಪ್ಪಿ ಅದುರತೊಡಗಿತು. ಒಳಗಿದ್ದವರು ವಿದ್ಯುತ್ತಿನ ಆಘಾತ ಕೊಟ್ಟು ಅದನ್ನು ಹಳಿಗೆ ತಂದರು. ಅವಳಿಗೆ ಅದೊಂದೂ ನೆನಪಿಲ್ಲ. ಮುಂದಿನ ಸೀಟಿನಲ್ಲಿದ್ದ ದುಶಿಕ್ ಮಾತ್ರ ಎಲ್ಲ ಕೇಳಿಸಿಕೊಂಡ. ಟ್ರಕ್ಕಿನಲ್ಲಿ ಆ ಯಂತ್ರ ಇರುತ್ತಿರಲಿಲ್ಲ ಎಂಬ ಒಂದೇ ಯೋಚನೆ ಅವನ ತಲೆಯಲ್ಲಿ ಸುತ್ತುತ್ತಿತ್ತು.

ದೊಡ್ಡ ಆಸ್ಪತ್ರೆಯಲ್ಲಿ ಮುಚ್ಚಿಹೋಗಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. "ಬದುಕಿದ್ದೀರಿ," ಎಂದರು ಡಾಕ್ಟರು. "ಆದರೆ ಹೃದಯದ ಸ್ವಲ್ಪ ಭಾಗ ಸತ್ತಿದೆ. ಅದು ಮತ್ತೆ ಬೆಳೆಯಲ್ಲ. ದಿಬ್ಬದಲ್ಲಿ ಹಿಡಿದುಕೊಂಡಾಗಲೇ ಬಂದಿದ್ದರೆ ಇಷ್ಟು ಹೋಗ್ತಿರಲಿಲ್ಲ."

ಬೊಂಗಿಮ್ ಮನೆಗೆ ಬಂದಾಗ ಅಂಗಳ ತೊಳೆದಿತ್ತು. ನೆರೆಯ ಹೆಂಗಸರು ಕೋಸಿನ ಉಪ್ಪು ಬಿಡಿಸಿ, ಮಸಾಲೆ ಹಚ್ಚಿ, ಡಬ್ಬಿಗಳಿಗೆ ತುಂಬಿಟ್ಟು ಹೋಗಿದ್ದರು. ದುಶಿಕ್ ಮಾತ್ರೆ ಹಿಡಿದುಕೊಂಡು ಹೊತ್ತು ಹೊತ್ತಿಗೆ ಎದುರು ನಿಲ್ಲುತ್ತಿದ್ದ. ತಾನೂ ಯಾರ ಒತ್ತಾಯವಿಲ್ಲದೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದೊತ್ತಡ ನೋಡಿಸಿಕೊಂಡು ಬಂದ; ಸಿಗರೇಟನ್ನೂ ಬಿಟ್ಟ, ಅದರ ಸಿಡುಕು ಮಾತ್ರ ಮನೆಯವರ ಮೇಲೆ.

ಹೇಂಗ್‌ಜಾ ನೋಡಲು ಬಂದಾಗ ಬೊಂಗಿಮ್ ಮುಖ ಬಾಡಿಸಿಕೊಂಡಿದ್ದಳು. "ನೀವೆಲ್ಲ ನನಗೆ ಮುಯ್ಯಾಳು ಬಂದ್ರಿ. ಈ ವರ್ಷ ನಾನು ಯಾರ ಅಂಗಳಕ್ಕೂ ಬರೋ ಹಾಗಿಲ್ಲ. ಎರಡು ಹೆಜ್ಜೆ ಇಟ್ಟರೆ ಏದುಸಿರು. ಇದನ್ನ ಹೇಗೆ ತೀರಿಸಲಿ?"

"ತೀರಿಸಬೇಡ. ಇರಲಿ."

"ನೀನಾದ್ರೂ ಇನ್ನೂ ಸೂಜಿ ಹಾಕ್ತೀಯಾ?"

"ಎದೆ ಅಂದವರಿಗೆ ಹಾಕಲ್ಲ. ನಿನಗೆ ಮೊದಲ ದಿನ ಚುಚ್ಚಿದ್ದೇ ತಪ್ಪು." ಹೇಂಗ್‌ಜಾ ಎದ್ದು ಸೆರಗಿಲ್ಲದ ಆ ದಪ್ಪ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. "ಬೇಗ ಹುಷಾರಾಗು. ಸಾಲಗಾರಳು ಅಂತ ನಾಲ್ಕು ಮಾತಾಡೋಕಾದ್ರೂ ನನಗೆ ಒಬ್ಬಳು ಬೇಕು."

ಅಕ್ಕಂದಿರೇ, ಅಣ್ಣಂದಿರೇ, ಅವರು ಚೆ ಎಂದರು, ನಾವು ಗ್ಯಾಸ್ ಎನ್ನುತ್ತೇವೆ. ಅವರು ಸೂಜಿ ತೆಗೆದರು, ನಾವು ಸೋಡಾ ಕುಡಿಯುತ್ತೇವೆ, ಜೀರಿಗೆ ಕಷಾಯ ಕಾಯಿಸುತ್ತೇವೆ, ಬೆನ್ನು ತಿಕ್ಕಿಸಿಕೊಂಡು ಮಲಗುತ್ತೇವೆ. ಎದೆ ಭಾರವಾಗಿ, ಅದು ದವಡೆಗೋ ತೋಳಿಗೋ ಬೆನ್ನಿಗೋ ಹರಿದರೆ, ಕಾರಣವಿಲ್ಲದೆ ತಣ್ಣನೆ ಬೆವರು ಬಂದರೆ, ಕೂತಲ್ಲಿ ಕೂರಲಾಗದ ತಳಮಳ ಹತ್ತಿದರೆ, ದಯವಿಟ್ಟು ಕಾಯಬೇಡಿ. ಉಂಡ ಮೇಲೆ ಬಂದರೂ ಅದು ಹೊಟ್ಟೆಯದೇ ಎಂದು ನಂಬಬೇಡಿ. ಬಂದು ತಾನಾಗಿ ಹೋದರೂ ಹೋಯಿತೆಂದು ಸುಮ್ಮನಾಗಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ. ಬಿಡದಿದ್ದರೆ ಕೂಡಲೇ ನಮ್ಮ ಕಡೆಯ ಆಂಬುಲೆನ್ಸಿಗೆ, ನೂರ ಎಂಟಕ್ಕೆ, ಫೋನು ಮಾಡಿ. ಬರೀ ಅಜೀರ್ಣವೇ ಆಗಿದ್ದರೆ ಊರಿನವರು ಒಂದು ದಿನ ನಕ್ಕಾರು. ನಗಲಿ. ಆ ನಗು ಕೇಳಿಸಿಕೊಳ್ಳಲು ನೀವು ಇರುತ್ತೀರಿ.